ಫೇರಿಂಗಿಗೆ ಕೊರೆದ ತೂತು

ಗೆಳೆಯಾ,

ಕಳಿಸುವ ಧೈರ್ಯವಿಲ್ಲದಿದ್ದರೂ ಬರೆಯುತ್ತಿದ್ದೇನೆ. ಇವತ್ತು ನಿನ್ನ ಮಗಳು ನಿನ್ನ ಬೈಕನ್ನು ನನ್ನ ಗ್ಯಾರೇಜಿಗೆ ತಂದಿದ್ದಳು. ಬಿದ್ದರೆ ಗಾಡಿ ಕಾಲಿನ ಮೇಲೆ ಕೂರದಂತೆ ಕ್ರ್ಯಾಶ್ ಪ್ರೊಟೆಕ್ಟರ್ ಹಾಕಿಸಬೇಕಂತೆ. ಗಾಡಿಯ ಮೈ ಮುಚ್ಚುವ ಹೊದಿಕೆ, ಅಂದರೆ ಫೇರಿಂಗನ್ನು ಕೊರೆಯದೆ ಕೂರಿಸುವಂಥದ್ದು ಚೆಂದ, ಆದರೆ ಪೆಟ್ಟು ಬಿದ್ದರೆ ಬಾಗುತ್ತದೆ. ಗಟ್ಟಿಯಾದದ್ದಕ್ಕೆ ಫೇರಿಂಗ್ ತೂತು ಮಾಡಿ ನೇರ ಎಂಜಿನ್ನಿಗೇ ಬಿಗಿಯಬೇಕು ಎಂದು ವಿವರಿಸಿದೆ.

"ಕೊರೀರಿ ಮಾಮ, ಅಂದ ಕಟ್ಕೊಂಡು ಏನ್ ಮಾಡ್ಲಿ?" ಎಂದಳು.

ನೀನು ಒರೆಸಿ ಒರೆಸಿ ಹೊಳಪಿಟ್ಟಿದ್ದ ಫೇರಿಂಗಿಗೆ ಡ್ರಿಲ್ ಹಿಡಿದೆ. ಬೋಲ್ಟ್ ಬಿಗಿದಾದ ಮೇಲೆ ಕೇಳಿದಳು: "ಇದಿದ್ದಿದ್ರೆ ಅಪ್ಪನ ಕಾಲು ಉಳೀತಿತ್ತೇನೋ. ಯಾಕೆ ಹಾಕಿಸ್ಲಿಲ್ಲ ಅವ್ರು?"

ನೀನು ಎರಡು ಸಲ ಇದನ್ನೇ ಕೇಳಿಕೊಂಡು ಬಂದಿದ್ದೆ. "ಇಂಥ ಗಾಡಿಗೆ ತೂತು ಹಾಕ್ತಾರೇನೋ" ಎಂದು ನಕ್ಕು ಕಳಿಸಿದವನು ನಾನು.

"ನಿಮ್ಮಪ್ಪಂಗೆ ಇಷ್ಟ ಇರ್ಲಿಲ್ಲಮ್ಮ" ಎಂದೆ.

ಅವಳು ಮನೆಗೆ ಬಂದು ನಿನ್ನನ್ನೇ ಕೇಳಿರುತ್ತಾಳೆ. ಈ ಸಲವೂ ನೀನು ನನ್ನ ಹೆಸರೆತ್ತಿರಲಿಕ್ಕಿಲ್ಲ.