ಒಂದು ಉದ್ಧರಣೆ ಗಂಗೆ

ಬಂಗಾಲಿ ಟೋಲಾ, ಕಾಶಿ
೧೨ ಸೆಪ್ಟೆಂಬರ್ ೨೦೨೪

ಪ್ರೀತಿಯ ಅಮ್ಮನಿಗೆ, ನಿನ್ನ ಕಾತ್ಯಾಯನಿಯ ನಮಸ್ಕಾರಗಳು.

ಫೋನ್ ಇರುವಾಗ ಕಾಗದವೇಕೆ ಎಂದು ಗಾಬರಿಯಾಗಬೇಡ. ಫೋನಿನಲ್ಲಿ ಆಡಿದ್ದೆಲ್ಲ ಅತ್ತೆಯ ಕಿವಿಗೆ ಬೀಳುತ್ತದೆ, ಅಷ್ಟೇ.

ಸೊಂಟ ಬಹುಪಾಲು ವಾಸಿ. ಚೈತ್ರದಲ್ಲಿ ಡಿಸ್ಕ್ ಜಾರಿದಾಗ ಹಾಸಿಗೆ ಬಿಟ್ಟು ಏಳಲೇಬೇಡ ಎಂದು ಎಲ್ಲರೂ ಹೇಳಿದಿರಿ, ನೀನೂ ಹೇಳಿದೆ. ಮೂರು ವಾರ ಮಲಗಿದ್ದಕ್ಕೆ ಡಾಕ್ಟರು ಚೆನ್ನಾಗಿ ಬೈದರು. ಮಲಗುವುದು ಔಷಧಿಯಲ್ಲ, ನಡೆಯಬೇಕು, ಆಪರೇಷನ್ ಸದ್ಯಕ್ಕೆ ಬೇಡ ಎಂದರು. ಈಗ ದಿನಾ ನಡೆಯುತ್ತೇನೆ. ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವ ಸಾತ್ವಿಕಾ ತೋರಿಸಿದಂತೆ ಮಂಡಿ ಮಡಿಸಿ ಕೂತು ಏಳುತ್ತೇನೆ. ಕಾಲಿನ ಸೆಳೆತ ಹೋಯಿತು. ಎಡಗಾಲ ಹೆಬ್ಬೆರಳು ಮಾತ್ರ ಇನ್ನೂ ಮರಗಟ್ಟಿದೆ, ಕಾದ ನೆಲ ತುಳಿದರೂ ಗೊತ್ತಾಗುವುದಿಲ್ಲ.

ಒಲೆಯ ಮುಂದೆ ನಿಲ್ಲಬಹುದು, ತುಂಬಿದ ಕೊಡ ಎತ್ತಕೂಡದು ಅಂದರು. ಅಲ್ಲೇ ಬಂತು ನೋಡು ಪೇಚು. ಈ ಮನೆಯಲ್ಲಿ ಯಾತ್ರಿಕರ ಶ್ರಾದ್ಧದ ಅಡುಗೆಗೆ ಗಂಗೆಯ ನೀರೇ ಆಗಬೇಕು, ಅಡುಗೆಯವಳೇ ಮಿಂದು, ಒದ್ದೆ ಸೀರೆಯಲ್ಲಿ ಹೊತ್ತು ತರಬೇಕು. ಹತ್ತೊಂಬತ್ತು ವರ್ಷ ಹೊತ್ತೆ. ಇನ್ನು ಆಗದಿದ್ದರೆ ಪಕ್ಕದ ಗಲ್ಲಿಯ ಅನಂತಲಕ್ಷ್ಮಿಗೆ ಒಲೆ ಬಿಟ್ಟುಕೊಡು ಎಂದು ಅತ್ತೆ ಹೇಳಿಬಿಟ್ಟರು. ಒಲೆಯೂ ಹೋದರೆ ಈ ಊರಿನಲ್ಲಿ ನನ್ನದು ಅನ್ನಲು ಏನಿದೆಯಮ್ಮ?

ಆಗುತ್ತೆ ಎಂದೆ. ಬೆಳಗ್ಗೆ ಎಲ್ಲರಿಗಿಂತ ಮೊದಲೇ ಖಾಲಿ ಕೊಡ ಹಿಡಿದು ಘಾಟಿಗೆ ಹೋಗಿ ಮೀಯುತ್ತಿದ್ದೆ. ಖಾಲಿ ಕೊಡವನ್ನೇ ವಾಪಸ್ಸು ತಂದು, ಕಟ್ಟೆಯ ಮೇಲಿಟ್ಟು, ಅಂಗಳದ ನಲ್ಲಿಯಿಂದ ಚೊಂಬು ಚೊಂಬಾಗಿ ತುಂಬುತ್ತಿದ್ದೆ. ಮಾಡುತ್ತಿರುವುದು ಪಾಪ, ಇವತ್ತಲ್ಲ ನಾಳೆ ಅಳು ಬರುತ್ತದೆ ಎಂದು ಕಾದೆ. ಬರಲಿಲ್ಲ. ಆ ಹೆಬ್ಬೆರಳಿನ ಹಾಗೆ ನಾನೂ ಆಗಿಬಿಟ್ಟಿದ್ದೇನೆ.

ನಿನ್ನೆ ಅತ್ತೆ ಬೇಗ ಎದ್ದಿದ್ದರು. ನಲ್ಲಿಯ ಮುಂದೆ ಸಿಕ್ಕಿಬಿದ್ದೆ. ಎಂದಿನಿಂದ ಹೀಗೆ ಎಂದು ಕೇಳಿದರು. ಆಷಾಢದಿಂದ ಎಂದೆ. ಬಂದ ಅಷ್ಟೂ ಯಾತ್ರಿಕರಿಗಾ ಎಂದರು. ಹೂಂ ಎಂದೆ. ಕೃಷ್ಣ ಕೃಷ್ಣಾ ಎನ್ನುತ್ತ ಗೋಡೆ ಹಿಡಿದು ನಿಂತರು. ಆಮೇಲೆ ದೇವರ ಮನೆಗೆ ಹೋಗಿ, ಗಂಗೆಯ ತಂಬಿಗೆ ತಂದು, ಒಂದೇ ಒಂದು ಉದ್ಧರಣೆ ನೀರನ್ನು ನನ್ನ ಕೊಡಕ್ಕೆ ಬಿಟ್ಟರು. ಇನ್ನು ಇದೂ ಗಂಗೆಯೇ, ಹೊತ್ತಾಯಿತು, ಒಲೆ ಹಚ್ಚು ಎಂದರು. ಅನಂತಲಕ್ಷ್ಮಿಯ ಹೆಸರೆತ್ತಲಿಲ್ಲ. ಪಿತೃಪಕ್ಷ ಮುಗಿಯುವತನಕ ದಿನಾ ತಾವೇ ಬಿಡುತ್ತಾರಂತೆ.

ಒಲೆ ಉಳಿಯಿತು. ಖುಷಿಯಾಗಬೇಕಿತ್ತು. ಅಕ್ಕಿ ತೊಳೆದು ಇಟ್ಟೆ.

ಮಂಡಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡ.

ನಿನ್ನ ಮಗಳು,
ಕಾತ್ಯಾಯನಿ

ತಾ.ಕ.: ಶ್ರಾವಣದಲ್ಲಿ ತಮ್ಮ ನಂದನನ ಜೊತೆ ಬಂದು ಅಪ್ಪನ ಶ್ರಾದ್ಧ ಇಲ್ಲೇ ಮಾಡಿಸಿದೆಯಲ್ಲ. ನೀನು ಊಟಕ್ಕೆ ಕೂತು ಎರಡನೇ ಸಲ ಪಾಯಸ ಹಾಕಿಸಿಕೊಂಡೆ. ಮಳೆಗಾಲದ ರಾಡಿ ಗಂಗೆಯಲ್ಲೂ ಪಾಯಸ ಇಷ್ಟು ಬೆಳ್ಳಗೆ ಬಂದಿದೆ, ನಿಮ್ಮಪ್ಪನಿಗೆ ತೃಪ್ತಿಯಾಗಿದೆ ಎಂದು ಕಣ್ಣೊರೆಸಿಕೊಂಡೆ. ಅಮ್ಮಾ, ಅವತ್ತು ಅದರಲ್ಲಿ ಆ ಒಂದು ಉದ್ಧರಣೆಯೂ ಬಿದ್ದಿರಲಿಲ್ಲ.