ಅಸಹಜವಾದದ್ದೇನೂ ಕಂಡುಬಂದಿಲ್ಲ

ಕೊರಿವೋರ್ ಮನೆ,
ಗ್ಲೆನ್ ಫಿಯಾರ್
ಅಕ್ಟೋಬರ್ 3, ಭಾನುವಾರ

ಪ್ರಿಯ ಡೊಲಿನಾ,

ನಿನ್ನ ಮೊಣಕಾಲು ನೋವು ಇಳಿದಿದೆಯೆಂದೂ ಮಗ್ಗದ ಮುಂದೆ ಮತ್ತೆ ಕೂರುತ್ತಿದ್ದೀಯೆಂದೂ ನಂಬಿದ್ದೇನೆ. ನಾನು ಇದ್ದೇನೆ. ಏನೂ ಕೆಲಸ ಮಾಡಬಾರದ ಭಾನುವಾರ ಕಾಗದ ಬರೆಯಲು ಕುಳಿತೆನೆಂದು ನಿಮ್ಮ ದ್ವೀಪದ ಪಾದ್ರಿಗೆ ಹೇಳಬೇಡ. ನಿನ್ನ ಅಕ್ಕ ಮರ್ಸಲಿಯನ್ನು ಮಣ್ಣು ಮಾಡಲು ನಿನ್ನೊಂದಿಗೆ ಇಲ್ಲಿಗೆ ಬಂದ ದಿನವೇ ಆತ ನನ್ನನ್ನು ಒಂದು ಥರ ನೋಡಿದ್ದ.

ಮೇ ತಿಂಗಳಲ್ಲಿ ನೀನು ಬರೆದದ್ದಕ್ಕೆ ಈಗ ಉತ್ತರ. ಕ್ಷಮಿಸು. ಕೆಲಸ ಹೆಚ್ಚಿತ್ತು ಎಂದು ಬರೆಯಬಹುದು, ಆದರೆ ಅದು ಸುಳ್ಳು. ಬೇಟೆಯ ದಿನಚರಿ ಬರೆಯುವುದನ್ನು ಒಂದು ದಿನವೂ ತಪ್ಪಿಸಿಲ್ಲ. ಗಾಳಿ ಯಾವ ಕಡೆಯದು, ಯಾವ ಇಳಿಜಾರಿನಲ್ಲಿ ಎಷ್ಟು ಜಿಂಕೆ, ಅಷ್ಟೇ. ನಿನ್ನ ಕಾಗದ ಅದರೊಳಗೇ ಇತ್ತು. ಪ್ರತಿ ಸಂಜೆ ಪುಟ ತಿರುಗಿಸುವಾಗ ಅದನ್ನೂ ಮುಂದಿನ ಪುಟಕ್ಕೆ ಸರಿಸುತ್ತಿದ್ದೆ. ಹಾಗೆ ಐದು ತಿಂಗಳು ಕಳೆಯಿತು. ನೀನು ಕಳಿಸಿದ ಕರಿ ಪುಡಿಂಗ್ ಸಾಸೇಜು ತಿಂದೆ. ಒಬ್ಬನಿಗೆ ಹುರಿಯುವುದು ಎಷ್ಟೆಂದು ಗೊತ್ತಾಗದೆ ಅರ್ಧವನ್ನು ನಾಯಿಗೆ ಹಾಕಿದೆ.

ನೀನು ಕೇಳಿದ್ದು ಒಂದೇ ಮಾತು. “ಮರ್ಸಲಿಗೆ ಜನವರಿಗಿಂತ ಮುಂಚೆ ಏನೂ ಗೊತ್ತಾಗಲಿಲ್ಲವೇ? ಯಾರಿಗೂ ತೋರಿಸಲಿಲ್ಲವೇ?” ಅದಕ್ಕೆ ಬರುತ್ತೇನೆ. ಮೊದಲು ಇಲ್ಲಿಯ ಸುದ್ದಿ ಹೇಳಿಬಿಡುತ್ತೇನೆ.

ಗಂಡುಜಿಂಕೆಗಳು ಕೂಗಲು ಶುರುಮಾಡಿ ವಾರವಾಯಿತು. ಈ ವರ್ಷ ಕೂಗು ಮನೆಯ ಹಿಂದಿನ ಗುಡ್ಡದವರೆಗೂ ಇಳಿದು ಬಂದಿದೆ. ಮುದಿ ಕುದುರೆ ಬ್ರೋರಾ ಇನ್ನೂ ಹೊರೆ ಹೊರುತ್ತದೆ. ಆದರೆ ಮೇಲಿನ ಹಳ್ಳ ದಾಟುವ ಮುಂಚೆ ನಿಂತು ನನ್ನ ಮುಖ ನೋಡುತ್ತದೆ. ನಾನೂ ಅದರ ಮುಖ ನೋಡುತ್ತೇನೆ. ಇಬ್ಬರೂ ಸ್ವಲ್ಪ ಹೊತ್ತು ಹಾಗೇ ನಿಂತಿರುತ್ತೇವೆ.

ಇನ್ನೊಂದು ಸುದ್ದಿ ನನ್ನ ಕೆಲಸದ್ದು. ಜೂನ್‌ನಲ್ಲಿ ಬೇಟೆ ಎಸ್ಟೇಟಿನ ಮ್ಯಾನೇಜರ್ ಗಿಲ್‌ಕ್ರಿಸ್ಟ್ ಮನೆಗೇ ಬಂದಿದ್ದರು. ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಕುಳಿತಾಗಲೇ ಒಳ್ಳೆಯ ಮಾತಲ್ಲ ಎಂದುಕೊಂಡೆ.

“ಮುರ್ಡೊ, ನಿಮ್ಮ ಹಳೇ ಕಾಗದ ಇನ್ಮೇಲೆ ನಡೆಯಲ್ಲ. ಜಿಂಕೆ ಹೊಡೆಯೋರು, ಮಾಂಸಕ್ಕೆ ಸಹಿ ಹಾಕೋರು, ಎಲ್ಲರೂ ಹೊಸ ತರಬೇತಿ ಮುಗಿಸಿರ್ಬೇಕು.”

“ಮೂವತ್ತೊಂದು ವರ್ಷ ನಡೀತಲ್ಲ?”

“ಜಿಂಕೆ ಅದೇ. ನಿಯಮ ಬೇರೆ. ಮಾಂಸದ ವ್ಯಾಪಾರಿ ಹೇಳ್ಬಿಟ್ಟಿದ್ದಾನೆ, ಹೊಸ ಪ್ರಮಾಣಪತ್ರ ಇಲ್ದೋರ ಚೀಟಿ ಇದ್ರೆ ಒಂದು ತೊಡೇನೂ ಗಾಡಿಗೆ ಹಾಕ್ಕೊಳ್ಳಲ್ಲ ಅಂತ. ಅಕ್ಟೋಬರ್ ಕೊನೇಲಿ ಹೆಣ್ಣುಜಿಂಕೆ ಬೇಟೆ ಶುರುವಾಗೋದರೊಳಗೆ ಮುಗಿಸ್ಕೊಳ್ಳಿ.”

“ಇಲ್ದಿದ್ರೆ?”

ಅವರು ಟೋಪಿಯನ್ನು ಒಂದು ಸುತ್ತು ತಿರುಗಿಸಿದರು. “ನಿಮ್ಮ ಕೈಕೆಳಗಿನ ಹುಡುಗ ಇನ್ನಿಸ್ ಹತ್ರ ಹೊಸ ಪ್ರಮಾಣಪತ್ರ ಇದೆ. ಅವನಿಗೂ ಈಗ ಹೆಂಡ್ತಿ, ಮಗು. ಈ ಮನೆ ಈ ಕೆಲಸದಲ್ಲಿರೋರಿಗೆ ಮಾತ್ರ, ನಿಮಗೆ ಗೊತ್ತೇ ಇದೆ.”

ಗೊತ್ತಿದೆ. ಮನೆ ಬೇರೆ ಎಲ್ಲಾದರೂ ಸಿಕ್ಕೀತು, ಡೊಲಿನಾ. ಆದರೆ ಈ ಅಡುಗೆಮನೆಯ ಕಿಟಕಿಯಿಂದ ಸ್ಮಶಾನದ ಗೋಡೆ ಕಾಣುತ್ತದೆ, ಗೋಡೆಯ ಮೇಲ್ಗಡೆ ಮರ್ಸಲಿಯ ಕಲ್ಲಿನ ತುದಿ ಕಾಣುತ್ತದೆ. ನೀರು ಕಾಯಲು ಇಟ್ಟು ನಾನು ಅದನ್ನೇ ನೋಡುತ್ತಿರುತ್ತೇನೆ. ಬೇರೆ ಮನೆಯ ಕಿಟಕಿಯಲ್ಲಿ ಏನು ನೋಡಲಿ?

ಹಾಗಾಗಿ ಸೆಪ್ಟೆಂಬರಿನಲ್ಲಿ ಪೇಟೆಗೆ ಹೋದೆ. ಚರ್ಚಿನ ಪಕ್ಕದ ಸಭಾಭವನದಲ್ಲಿ ಎರಡು ದಿನದ ತರಬೇತಿ. ಒಟ್ಟು ಹದಿನಾಲ್ಕು ಜನ. ನನ್ನ ವಯಸ್ಸಿನವನೆಂದರೆ ಗುಡ್ಡದಾಚೆಯ ಹೆಕ್ಟರ್ ಒಬ್ಬನೇ. ಕಲಿಸಲು ಬಂದವಳು ಶೋನಾ ಎಂಬ ಹುಡುಗಿ. ಕಸಾಯಿಖಾನೆಯಲ್ಲಿ ಮಾಂಸ ಪರೀಕ್ಷೆ ಮಾಡಿದವಳಂತೆ. ಒಳ್ಳೆಯವಳು. ಯಾರನ್ನೂ ಹೀಯಾಳಿಸಲಿಲ್ಲ.

ಮೊದಲ ದಿನ ಪರದೆಯ ಮೇಲೆ ಚಿತ್ರ ತೋರಿಸಿ ಯಾವ ಜಿಂಕೆ ಎಂದು ಬರೆಯಲು ಹೇಳಿದರು. ನಮ್ಮ ಕಡೆ ಯಾರೂ ಕಾಣದ, ಕೋರೆಹಲ್ಲಿನ ಚೀನಾ ಜಿಂಕೆಯೂ ಅದರಲ್ಲಿತ್ತು.

“ಇದು ನಮ್ ಗುಡ್ಡಕ್ಕೆ ಬಂದ್ರೆ ಗುಂಡು ಹೊಡೆಯೋದಲ್ಲ ಮಗಳೇ, ಮೊದ್ಲು ಪಾಸ್‌ಪೋರ್ಟ್ ಕೇಳ್ತೀನಿ,” ಎಂದ ಹೆಕ್ಟರ್.

“ಕೇಳಿ. ಆದ್ರೆ ಹೆಸರು ಸರಿಯಾಗಿ ಬರೀರಿ,” ಎಂದಳು ಶೋನಾ. ಬಹಳ ದಿನದ ಮೇಲೆ ನಾನೂ ನಕ್ಕೆ.

ಆಮೇಲೆ ಶುಚಿತ್ವದ ಪಾಠ. ಚಾಕುವನ್ನು ಬಾಯಲ್ಲಿ ಕಚ್ಚಿ ಹಿಡಿಯುವಂತಿಲ್ಲ. ಕೈಯನ್ನು ಪಾಚಿಗೆ ಒರೆಸಿಕೊಂಡು ಮತ್ತೆ ಹೊಟ್ಟೆಯೊಳಗೆ ಹಾಕುವಂತಿಲ್ಲ. ನೀಲಿ ಕೈಗವಸು ಬೇಕು. ಮಾಂಸದ ಕೋಣೆ ಏಳು ಡಿಗ್ರಿ ಮೀರಬಾರದು. ಹೆಕ್ಟರ್ ನನ್ನ ಕಿವಿಯಲ್ಲಿ, “ನಾವು ಇಷ್ಟು ವರ್ಷ ತಿನ್ನಿಸಿದ್ದಕ್ಕೆ ಈ ದೇಶದಲ್ಲಿ ಯಾರೂ ಉಳಿದಿರ್ಬಾರ್ದಿತ್ತು ಮಾರಾಯಾ,” ಎಂದ. ನನಗೆ ಮಾತ್ರ ಆ ಹುಡುಗಿ ಹೇಳಿದ್ದು ಸರಿಯೆನ್ನಿಸಿತು. ನಮಗೆ ಗೊತ್ತಿದ್ದದ್ದು ಕೈಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ. ಬರೆಯುವ ಪರೀಕ್ಷೆ ಪಾಸಾದೆ. ಮರುದಿನ ಬೆಳಿಗ್ಗೆ ಗುರಿಯ ಪರೀಕ್ಷೆಯೂ ಆಯಿತು.

ಕೊನೆಯದು ಪರೀಕ್ಷೆಯ ಮೇಜು. ಮೂರು ಜಿಂಕೆಗಳ ತಲೆ, ಶ್ವಾಸಕೋಶ, ಲಿವರ್, ಕರುಳು ಹರಡಿಟ್ಟಿದ್ದರು. ಕ್ಷಯ ಬಂದ ಪ್ರಾಣಿಯ ಗ್ರಂಥಿ ಊದಿರುತ್ತದೆ. ಗಂಟಲ ಕೆಳಗೆ, ಶ್ವಾಸಕೋಶದ ನಡುವೆ, ಕರುಳಿನ ಪೊರೆಯಲ್ಲಿ ಬೆರಳಾಡಿಸಿ ನೋಡಬೇಕು. ಸರಿಯಿದ್ದರೆ ಚೀಟಿಯ ಮೇಲೆ ಸಹಿ ಹಾಕಬೇಕು. ಅಚ್ಚಾಗಿರುವ ಸಾಲು ಇದು: “ಪರೀಕ್ಷಿಸಿದ್ದೇನೆ. ಅಸಹಜವಾದದ್ದೇನೂ ಕಂಡುಬಂದಿಲ್ಲ.” ಸರಿಯಿಲ್ಲದಿದ್ದರೆ ಬಾಯಿಬಿಟ್ಟು ಹೇಳಿ ಆ ಪ್ರಾಣಿಯನ್ನು ಪಕ್ಕಕ್ಕಿಡಬೇಕು.

ಎರಡನ್ನು ನೋಡಿದೆ, ಸರಿಯಿದ್ದವು. ಮೂರನೆಯದರ ದವಡೆಯ ಕೆಳಗೆ ಬೆರಳಿಟ್ಟ ಕೂಡಲೇ ಸಿಕ್ಕಿತು. ಗೋಲಿಯಷ್ಟು ದಪ್ಪ, ಗಟ್ಟಿ, ಒತ್ತಿದರೆ ಜರುಗುವುದಿಲ್ಲ. ಕೈಗವಸಿನೊಳಗಿಂದಲೂ ಗೊತ್ತಾಯಿತು. ಕಣ್ಣು ಕಟ್ಟಿದ್ದರೂ ಗೊತ್ತಾಗುತ್ತಿತ್ತು.

“ಏನು ಕಂಡಿತು ಮುರ್ಡೊ?” ಎಂದಳು ಶೋನಾ.

“ಏನೂ ಇಲ್ಲ,” ಎಂದೆ. “ಚಳಿಗೆ ಊದಿದೆ ಅಷ್ಟೇ.”

ಯಾರೋ ನಕ್ಕರು. “ಪಾಪ, ಜಿಂಕೆಗೆ ಮಫ್ಲರ್ ಹೊದಿಸ್ರಪ್ಪಾ!” ಎಂದ ಹಿಂದಿನವನೊಬ್ಬ. ಹೆಕ್ಟರ್ ಮಾತ್ರ ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದ.

ಹೀಗೆ ನಾನು ಫೇಲಾದೆ. ಮೂವತ್ತೊಂದು ವರ್ಷದಲ್ಲಿ ನಾನು ಪಕ್ಕಕ್ಕಿಡಬೇಕಾದ ಒಂದು ಜಿಂಕೆಯೂ ಗಾಡಿ ಹತ್ತಿಲ್ಲ.

ಹೊರಗೆ ಬೆಂಚಿನ ಮೇಲೆ ಕುಳಿತಿದ್ದಾಗ ಶೋನಾ ಚಹಾ ಹಿಡಿದು ಬಂದಳು. “ನಿಮ್ಮ ಬೆರಳು ಅಲ್ಲೇ ನಿಂತಿತ್ತು. ನಾನು ನೋಡ್ದೆ,” ಎಂದಳು. “ನಿಮಗೆ ಸಿಕ್ಕಿತ್ತು. ಮತ್ಯಾಕೆ ಇಲ್ಲ ಅಂದ್ರಿ?”

ನಾನು ಚಹಾ ಕುಡಿದೆ.

“ಅಕ್ಟೋಬರ್ ಏಳು, ಗುರುವಾರ, ಇನ್ನೊಂದ್ಸಲ ಮೇಜು ಹಾಕ್ತೀವಿ. ಅದೊಂದೇ ಭಾಗ. ಬನ್ನಿ. ಆದ್ರೆ ಕಂಡಿದ್ದನ್ನ ಹೇಳ್ಬೇಕು. ಹೇಳ್ದೆ ಇರೋರಿಗೆ ನಾನು ಸಹಿ ಹಾಕಿ ಕೊಡೋಕಾಗಲ್ಲ, ನೀವು ಎಷ್ಟೇ ದೊಡ್ಡ ಬೇಟೆಗಾರರಾಗಿರಿ.”

ಬರುವಾಗ ಹೆಕ್ಟರನ ಗಾಡಿಯಲ್ಲಿ ಬಂದೆ. ನಮ್ಮ ಸೇತುವೆ ಹತ್ತಿರ ನಿಲ್ಲಿಸಿ, “ಮರ್ಸಲಿ ಇದ್ದಿದ್ರೆ ನಿಂಗೆ ಎರಡು ಬಿಡ್ತಿದ್ಲು ಕಣೋ,” ಎಂದ. ಇದ್ದಿದ್ದರೆ ಬಿಡುತ್ತಿದ್ದಳು.

ಗುರುವಾರ ಹೋಗುತ್ತೇನೆ. ಪಾಸಾಗದಿದ್ದರೆ ತಿಂಗಳ ಕೊನೆಗೆ ಇನ್ನಿಸ್‌ನ ಸಾಮಾನು ಇಲ್ಲಿಗೆ ಬರುತ್ತದೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಹೆಂಡತಿ ಮೊನ್ನೆ ಬಂದು, ಮನೆಯ ಒಳಗೂ ಕಾಲಿಡದೆ, “ನಾವು ಕೇಳಿದ್ದಲ್ಲ ಮುರ್ಡೊ, ದೇವರಾಣೆ,” ಎಂದು ಅತ್ತುಹೋದಳು.

ಮರ್ಸಲಿಯ ಹಸಿರು ಕೋಟು, ನಿಮ್ಮಮ್ಮನ ಕೀರ್ತನೆ ಪುಸ್ತಕ ಬೇರೆ ಕಟ್ಟಿಟ್ಟಿದ್ದೇನೆ. ಹಡಗಿನಲ್ಲಿ ಬರುವವರು ಯಾರಾದರೂ ಸಿಕ್ಕರೆ ಕಳಿಸುತ್ತೇನೆ. ಚಳಿಗೆ ಮೊದಲು ಕಲ್ಲಿದ್ದಲು, ಉರಿಸುವ ಪೀಟ್ ಹೆಂಟೆ ಒಳಗೆ ಹಾಕಿಸಿಕೋ, ಒಬ್ಬಳೇ ಎತ್ತಬೇಡ. ದೇವರು ನಿನ್ನ ಬೆನ್ನಿಗಿರಲಿ, ನಿನ್ನ ಒಲೆ ಆರದಿರಲಿ. ಈ ಕಾಗದ ಮುಗಿಸಿದ ಮೇಲೆ ನನ್ನನ್ನು ಭಾವ ಎಂದು ಕರೆಯಬೇಕೋ ಬೇಡವೋ, ಅದು ನಿನಗೆ ಬಿಟ್ಟದ್ದು.

ನಿನ್ನ,
ಮುರ್ಡೊ

ಮರೆತ ಮಾತು: ಮರೆತದ್ದಲ್ಲ, ಮುಂದೂಡಿದ್ದು. ಮರ್ಸಲಿ ಒಬ್ಬರಿಗೆ ತೋರಿಸಿದ್ದಳು. ಕಳೆದ ವರ್ಷ ಅಕ್ಟೋಬರಿನಲ್ಲಿ, ಮಧ್ಯಾಹ್ನ. ನಾನು ಮಾಂಸದ ಕೋಣೆಯಲ್ಲಿ ಚೀಟಿ ಬರೆಯುತ್ತಿದ್ದೆ. ಏಪ್ರನ್ನಿನಲ್ಲೇ ಬಂದು ಬಾಗಿಲಲ್ಲಿ ನಿಂತು ಗದ್ದ ಮೇಲೆತ್ತಿದಳು. “ನಿನ್ ಜಿಂಕೆಗಳನ್ನ ನೋಡೋ ಹಾಗೆ ನನ್ನೂ ಒಂದ್ಸಲ ನೋಡು. ಇಲ್ಲೇನೋ ಇದೆ. ಡಾಕ್ಟರ್ ಹತ್ರ ಹೋಗ್ಲಾ?” ಎಂದಳು. ಕೈ ತೊಳೆದು ನೋಡಿದೆ. ದವಡೆಯ ಕೆಳಗೆ, ಗೋಲಿಯಷ್ಟು, ಜರುಗುತ್ತಿರಲಿಲ್ಲ. ಜಿಂಕೆಯಾಗಿದ್ದರೆ ಆ ಕ್ಷಣವೇ ಪಕ್ಕಕ್ಕಿಡುತ್ತಿದ್ದೆ. “ಏನೂ ಇಲ್ಲ, ಚಳಿಗೆ ಊದಿದೆ ಅಷ್ಟೇ,” ಎಂದೆ. ಹಾಗೆ ಹೇಳಿದರೆ ಹಾಗೇ ಆಗುತ್ತದೆ ಎಂಬಂತೆ.

ಅವಳು ನಕ್ಕಳು. “ಹಾಗಾದ್ರೆ ಚೀಟಿ ಕೊಡು. ನಿನ್ ಬಾಯಿಮಾತು ನಂಬೋರು ಯಾರು?” ಎಂದಳು. ಜಿಂಕೆಗೆ ಕಟ್ಟುವ, ಅದೇ ಸಾಲು ಅಚ್ಚಾಗಿದ್ದ ಒಂದು ಚೀಟಿಗೆ ಸಹಿ ಹಾಕಿ, ತಾರೀಖು ಬರೆದು, ಏಪ್ರನ್ನಿನ ಗುಂಡಿಗೆ ಕಟ್ಟಿದೆ. ಅದನ್ನು ನಂಬಿ ಜನವರಿಯವರೆಗೆ, ಮೂರು ತಿಂಗಳು, ಅವಳು ಡಾಕ್ಟರ ಬಳಿ ಹೋಗಲಿಲ್ಲ.

ಗುರುವಾರ ಆ ಹುಡುಗಿಯೆದುರು ಕಂಡಿದ್ದನ್ನು ಹೇಳಬೇಕಾದರೆ ಮೊದಲು ನಿನಗೆ ಹೇಳಬೇಕಿತ್ತು. ಮಾರ್ಚಿನಲ್ಲಿ ಅವಳ ಏಪ್ರನ್ ಒಗೆಯಲು ತೆಗೆದಾಗ ಚೀಟಿ ಜೇಬಿನಲ್ಲೇ ಇತ್ತು, ನಾಲ್ಕಾಗಿ ಮಡಿಸಿ ಇಟ್ಟಿದ್ದಳು. ಇದರೊಳಗೆ ಹಾಕಿದ್ದೇನೆ. ಅಕ್ಷರ ಮಾಸಿಲ್ಲ. ಸಹಿ ನನ್ನದೇ.