ಹಾಡಿನ್ಯಾಗಿನ ಹೇಮಗುಡ್ಡ

ಗಂಗಾವತಿ, ಮಂಗಳವಾರ

ರ್‍ಯಾಪರ್ ಗವಿಸಿದ್ದೇಶಣ್ಣಾರಿಗೆ ನಮಸ್ಕಾರ್ರಿ,

ನಿಮ್ಮ ಹಾಡಿಗೆ ಯಾರರ ಕೆಟ್ಟ ಕಾಮೆಂಟ್ ಹಾಕಿದ್ರ ಜಗಳಕ್ಕ ಮೊದಲು ಇಳಿಯಾಕಿ ನಾನ. ಈ ಸಲ ಜಗಳ ನಿಮ್ಮ ಜೋಡಿನ ಐತ್ರಿ. ಬಾಯಾಗ "ನಮ್ಮ ಹೇಮಗುಡ್ಡ" ಅಂತೀರಿ, ವಿಡಿಯೋದಾಗ ಬ್ಯಾರೆ ಯಾವುದೋ ಗುಡ್ಡ ತೋರಸ್ತೀರಿ. ಕೇಳಿದವರಿಗೆ "ಡ್ರೋನ್‌ನ್ಯಾಗ ಹಂಗ ಕಾಣತೈತಿ" ಅಂತ ನಿಮ್ಮ ಸಲುವಾಗಿ ಸುಳ್ಳು ಬರದೀನಿ.

ನಮ್ಮಜ್ಜಿಗೆ ಮೊಣಕಾಲು ನೋವು, ದುರ್ಗವ್ವನ ಗುಡಿಗಂತ ಹೇಮಗುಡ್ಡ ಹತ್ತೂದು ಬಿಟ್ಟು ಎರಡು ವರ್ಷಾತು. ಕಣ್ಣೂ ಮಂಜು. ಹಾಡಿನ್ಯಾಗ ಗುಡ್ಡ ಬಂದ ಕೂಡ್ಲೆ "ದುರ್ಗವ್ವಾ" ಅಂತ ಫೋನಿಗೆ ಕೈ ಮುಗೀತಾಳ. ಖರೇ ಗುಡ್ಡದ ವಿಡಿಯೋ ನಾನ ಹೋಗಿ ತಗದು ತೋರಿಸಿದ್ರ, "ಇದು ಬ್ಯಾಡವಾ, ಹಾಡಿನ್ಯಾಗಿಂದ ಹಚ್ಚು" ಅಂತಾಳ.

ನಾ ತಗದ ಆ ವಿಡಿಯೋ ನಿಮಗ ಕಳಿಸೀನಿ. ಹಾಡಿನ್ಯಾಗ ಹಾಕ್ರಿ, ನನ್ನ ಹೆಸರು ಬ್ಯಾಡ. ಲಗೂ ಹಾಕ್ರಿ. ನಾಳೆ ಮುಂಜಾನೇನೂ ಅಕಿ ಆ ಬ್ಯಾರೆ ಗುಡ್ಡಕ್ಕ ಕೈ ಮುಗೀತಾಳ.

ಇಲ್ಲಿತನಕಾ ನಿಮ್ಮ ಫ್ಯಾನ್,
ರೂಪಾ